ಒಳಗಿನ ಗೋಡೆಯ ನೀಲಿ

ಒಮ್ಮೆ ನೋಡಿದ ಬಣ್ಣವನ್ನು ಮರೆಯುವವಳಲ್ಲ ನಾನು. ಇದು ಜಂಬದ ಮಾತಲ್ಲ, ನನ್ನ ಹೊಟ್ಟೆಪಾಡು. ಮೂಡಿಗೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವಳು. ಸೀರೆಯನ್ನು ಮನೆಯಲ್ಲೇ ಬಿಟ್ಟು ಬಂದು, 'ಅದೇ ಅಕ್ಕ, ಹೋದ್ಸಲ ಫಾಲ್ ಹಾಕ್ಸಿದ್ನಲ್ಲ, ಅದಕ್ಕೊಂದು ರವಿಕೆ' ಎಂದು ನಿಲ್ಲುವ ಗಿರಾಕಿಗೂ ನಾನು ಡಬ್ಬಿಗೆ ಕೈ ಹಾಕಿ ಸರಿಯಾದ ದಾರದ ರೀಲನ್ನೇ ತೆಗೆಯುತ್ತೇನೆ. ಅಂಥವಳು, ನಮ್ಮದೇ ಹೊಸ ಮನೆಗೆ ಬಣ್ಣ ಆರಿಸುವ ಹೊತ್ತು ಬಂದಾಗ, ಪೇಂಟರ್ ಮಂಜ ತಂದುಕೊಟ್ಟ ಶೇಡ್ ಕಾರ್ಡನ್ನು ತೊಡೆಯ ಮೇಲೆ ಹರಡಿಕೊಂಡು ಪೆಚ್ಚಾಗಿ ಕೂತೆ. ಪುಟ ತಿರುಗಿಸಿದಷ್ಟೂ ನೀಲಿ. ಆಕಾಶದ ನೀಲಿ, ಸಮುದ್ರದ ನೀಲಿ, ನವಿಲಿನ ನೀಲಿ, ಹೆಸರೇ ಹೇಳಲಾಗದ ನೀಲಿ. ನನಗೆ ಬೇಕಿದ್ದದ್ದು ಒಂದೇ. ನಾನು ಹುಟ್ಟಿ ಬೆಳೆದ ಕಾಫಿ ಎಸ್ಟೇಟಿನ ಕೂಲಿ ಲೈನ್ ಮನೆಯಲ್ಲಿ, ಒಲೆಯ ಹಿಂದಿನ ಗೋಡೆಗೆ ಅವ್ವ ಬಳಿಯುತ್ತಿದ್ದ ನೀಲಿ. ಅದನ್ನು ಈ ಮನೆಯ ಅಡುಗೆಕೋಣೆಗೆ ತರಬೇಕು, ಅವ್ವನ ಕಣ್ಣು ಚೆನ್ನಾಗಿರುವಾಗಲೇ ಅವಳು ಅದರ ಮುಂದೆ ಕೂತು ಒಂದು ಲೋಟ ಕಾಫಿ ಕುಡಿಯಬೇಕು. ನನ್ನ ಆಸೆ ಇಷ್ಟೇ ಇತ್ತು. ಆ ನೀಲಿಯೊಂದು ಮಾತ್ರ ಮಂಜನ ಕಾರ್ಡಿನಲ್ಲಿ ಇರಲಿಲ್ಲ.

ಆದರೆ ಜಗಳ ಮೊದಲು ಎದ್ದದ್ದು ಹೊರಗಿನ ಗೋಡೆಗೆ. ನಮ್ಮ ಯಜಮಾನರು ಕಳಸದ ಕಡೆ ಜೀಪು ಓಡಿಸುವವರು. ದಿನಾ ಯಾರಿಗಾದರೂ ದಾರಿ ಹೇಳುತ್ತಲೇ ಇರಬೇಕು. ಹಾಗಾಗಿ ಅವರಿಗೆ ಮನೆಯೆಂದರೆ ಮೊದಲು ಗುರುತು, ಆಮೇಲೆ ಮನೆ. ಮಗಳು ಸಿಂಧು ಚಿಕ್ಕಮಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು. ಅವಳ ಲೆಕ್ಕವೇ ಬೇರೆ.

'ಕಿತ್ತಳೆ ಹೊಡಿಸ್ಬಿಡಾಣ. ಕಿತ್ತಳೆ ಮನೆ ಅಂದ್ರೆ ಸಾಕು, ಯಾರಾದ್ರೂ ಬತ್ತಾರೆ.'

'ಅಪ್ಪಾ, ನಾವೇನು ಹೋಂಸ್ಟೇ ನಡ್ಸ್ತೀವಾ? ಈಗೆಲ್ಲ ಗ್ರೇ. ಗ್ರೇಗೆ ಬಿಳಿ ಬಾರ್ಡರ್.'

'ಬೂದಿ ಬಳ್ಕೊಳಕ್ಕೆ ನಾವೇನು ಸನ್ಯಾಸಿಗಳಾ ಮಾರಾಯ್ತಿ?'

ಅವ್ವ ಇನ್ನೂ ಕದ ಕೂರಿಸದ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಮಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು.

'ಬಿಳೀದೊಂದು ಬಿಟ್ಟು ಯಾವ್ದಾದ್ರೂ ಬಳ್ಕಳ್ರಿ.'

'ಯಾಕಜ್ಜಿ? ಬಿಳಿ ಚಂದ ಅಲ್ವಾ?'

'ಚಂದ ಐತೆ. ಕಂಡೋರ ಮನೇಗೆ.'

ಸಿಂಧು ನಕ್ಕಳು. ನಾನು ನಗಲಿಲ್ಲ, ಅವಳಿಗೆ ಬಿಳಿ ಯಾಕೆ ಬೇಡವೆಂದು ನನಗೆ ಗೊತ್ತಿತ್ತು. ಕೊನೆಗೆ ಅವ್ವನೇ ಕಾರ್ಡಿನ ಮೇಲೆ ಬೆರಳಿಟ್ಟು ಕಡಲೆಹಿಟ್ಟಿನಂಥ ಒಂದು ಹಳದಿಯನ್ನು ತೋರಿಸಿದಳು. ಹಳದಿ ಮನೆ ಎಂದರೂ ದಾರಿ ಸಿಗುತ್ತದೆ ಎಂದು ಯಜಮಾನರು ಸಮಾಧಾನಪಟ್ಟರು, ಗೇಟಿನ ಮಟ್ಟಿಗೆ ಸಿಂಧುವಿಗೆ ಗ್ರೇ ಬಿಟ್ಟುಕೊಟ್ಟೆವು. ಮಳೆಯಲ್ಲಿ ಕೆಸರು ಸಿಡಿಯುತ್ತದೆ, ಕೆಳಗೊಂದು ಕೆಂಪು ಪಟ್ಟೆ ಎಳೆದುಬಿಡುತ್ತೇನೆ ಎಂದ ಮಂಜನಿಗೆ ಅವ್ವ, 'ಪಟ್ಟೆ ಗಿಟ್ಟೆ ಎಳದ್ರೆ ನಿನ್ ಕೈ ಮುರೀತೀನಿ' ಅಂದಳು. ಪಾಪ, ಅವನಿಗೆ ತಾನೇನು ತಪ್ಪು ಹೇಳಿದೆ ಎಂದೇ ತಿಳಿಯಲಿಲ್ಲ.

ಜಾವಳಿ ಕಡೆಯ ಒಂದು ಎಸ್ಟೇಟಿನ ಲೈನು ನಮ್ಮದು. ಒಂದೇ ಉದ್ದನೆಯ ಹಂಚಿನ ಮಾಡು, ಅದರ ಕೆಳಗೆ ಸಾಲಾಗಿ ಮನೆಗಳು. ಪ್ರತಿ ಮನೆಗೂ ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅಷ್ಟೇ. ಅಪ್ಪನಿಗೆ ಮರಗಸಿಯ ಕೆಲಸ. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಎಂದು ಸಿಲ್ವರ್ ಮರಗಳನ್ನು ಹತ್ತಿ ಕೊಂಬೆ ಕಡಿಯುವುದು. ಮರದ ಮೇಲೆ ಎಷ್ಟು ಗದ್ದಲ ಮಾಡುತ್ತಿದ್ದನೋ ಮನೆಯಲ್ಲಿ ಅಷ್ಟೇ ಮೌನಿ. ಬಂದವನೇ ಕತ್ತಿಯನ್ನು ಬಾಗಿಲ ಹಿಂದೆ ಸಿಕ್ಕಿಸಿ ಒಲೆಯ ಮುಂದೆ ಕೂತುಬಿಡುತ್ತಿದ್ದ. ಅವ್ವ ಕಾಫಿ ಹಣ್ಣು ಕೊಯ್ಯುವವಳು. ಅಪ್ಪನ ತಾಯಿ, ನಮ್ಮ ಅಜ್ಜಿ, ಮನೆಯಲ್ಲಿ ಕೂತು ನಮ್ಮನ್ನೆಲ್ಲ ಆಳುವವಳು. ಮಳೆಗಾಲ ಮುಗಿದು, ಹಣ್ಣು ಕೆಂಪಾಗುವುದಕ್ಕೆ ಮುಂಚೆ, ಎಸ್ಟೇಟಿನ ಹಾಜರಿ ಸಾಮಾನು ಎಲ್ಲ ನೋಡಿಕೊಳ್ಳುತ್ತಿದ್ದ ರೈಟರು ಲೈನಿಗೆ ಸುಣ್ಣದ ಕಲ್ಲು ಕಳಿಸುತ್ತಿದ್ದರು. ಡ್ರಮ್ಮಿಗೆ ಕಲ್ಲು ಹಾಕಿ ನೀರು ಸುರಿದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ಮಕ್ಕಳು ಹತ್ತಿರ ಸುಳಿದರೆ ಬೆನ್ನಿಗೆ ಗುದ್ದು. ಹೊರಗಿನ ಗೋಡೆ ಪೂರ್ತಿ ಬಿಳಿ, ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ. ಈ ತುದಿಯಿಂದ ಆ ತುದಿಗೆ ಒಂದು ಗೆರೆಯೂ ವ್ಯತ್ಯಾಸ ಇರಬಾರದು. ಗುಡ್ಡದ ಮೇಲಿನ ಬಂಗಲೆಯಿಂದ ಸಾವ್ಕಾರರು ನೋಡಿದರೆ ಲೈನು ಒಂದೇ ಥರ ಕಾಣಬೇಕು. ಶಾಲೆಯಿಂದ ಬರುವಾಗ ನಾನು ಎಷ್ಟೋ ಸಲ ಪಕ್ಕದ ಮನೆಗೆ ನುಗ್ಗಿ, ಅಲ್ಲಿ ಬೇರೆಯವರ ಅಮ್ಮನನ್ನು ಕಂಡು ನಾಚಿ ಓಡಿ ಬಂದಿದ್ದೇನೆ.

ಒಳಗಿನ ಗೋಡೆಗೆ ಮಾತ್ರ ಸುಣ್ಣ ಅವರದು, ಕೈ ನಮ್ಮದು. ಅಲ್ಲಿ ಅವ್ವ ತನ್ನ ಕೈಚಳಕ ತೋರಿಸುತ್ತಿದ್ದಳು. ಅವಳು ಕಡೂರು ಕಡೆಯ ಬಯಲಿನವಳು, ಮದುವೆಯಾಗಿ ಈ ಗುಡ್ಡಕ್ಕೆ ಬಂದವಳು. ಅವಳ ತವರಿನ ಅಡುಗೆಮನೆಗೆ ಅವಳ ಅವ್ವ ಸುಣ್ಣದಲ್ಲಿ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಬಳಿಯುತ್ತಿದ್ದಳಂತೆ. ಆ ಗೋಡೆಯನ್ನು ನಾನು ನೋಡಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಮಾವ ಆ ಮನೆ ಕೆಡವಿ ಹೊಸದು ಕಟ್ಟಿದ್ದ. ಆದರೆ ಅವ್ವ ಅದರ ಬಗ್ಗೆ ಎಷ್ಟು ಹೇಳಿದ್ದಳೆಂದರೆ, ಅಲ್ಲಿ ಬೆನ್ನು ಆನಿಸಿ ಕೂತ ನೆನಪು ನನಗೇ ಇದೆಯೇನೋ ಅನ್ನಿಸುತ್ತಿತ್ತು. ಸುಣ್ಣಕ್ಕೆ ಚಿಟಿಕೆ ಉಪ್ಪು, ಸ್ವಲ್ಪ ಗೋಂದು, ಆಮೇಲೆ ನೀಲಿ. ನೀಲಿ ಎಷ್ಟು ಎಂದರೆ ಕಣ್ಣಿಗೆ ಬಂದಷ್ಟು. ಅವರೂರಿನಲ್ಲಿ ಅಂಗಳದ ಕಲ್ಲಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡುತ್ತಿದ್ದರಂತೆ. ಬಿಸಿಲಿಗೆ ಕಾದ ಕಲ್ಲು ಆ ತೊಟ್ಟನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಣಗಿಸುತ್ತಿತ್ತು. ಒಣಗಿದ ಮೇಲಿನ ಬಣ್ಣವೇ ನಿಜವಾದ ಬಣ್ಣ. ಅವ್ವ ಇಲ್ಲಿಯೂ ಹಾಗೇ ಮಾಡಿದಳು, ಎಡವಟ್ಟಾದದ್ದೇ ಅಲ್ಲಿ. ನಮ್ಮ ಲೈನಿನ ಅಂಗಳದ ಕಲ್ಲು ಸಿಲ್ವರ್ ಮರದ ನೆರಳಿನಲ್ಲಿ ಸದಾ ತಂಪು. ತೊಟ್ಟು ಒಣಗುವುದೇ ಇಲ್ಲ, ಕಡುನೀಲಿಯಾಗಿಯೇ ಕಾಣುತ್ತದೆ. ಜಾಸ್ತಿಯಾಯಿತು ಎಂದು ಅವ್ವ ಸುಣ್ಣ ಸುರಿಯುವಳು. ಬೇಸಗೆ ಬಂದಾಗ ಗೋಡೆ ಬಿಳುಚಿಕೊಳ್ಳುವುದು. ಮರುವರ್ಷ ಆ ಸಿಟ್ಟಿಗೆ ನೀಲಿ ಸುರಿಯುವಳು. ಮಳೆಗಾಲದಲ್ಲಿ ಗೋಡೆ ಕಪ್ಪಗಾಗುವುದು. ಒಂದು ವರ್ಷವೂ ಅವಳ ಬಾಯಿಂದ ಸರಿಯಾಯಿತು ಎಂಬ ಮಾತು ಬರಲಿಲ್ಲ. ಕುಂಚ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಹಿಂದೆ ಹಿಂದೆ ಸರಿದು ನೋಡುವಳು.

'ಇದಲ್ಲ. ನಮ್ಮೂರ್ ನೀಲಿ ಇದಲ್ಲ.'

ಅಜ್ಜಿಗೆ ಇದೆಲ್ಲ ಹುಚ್ಚಾಟ. ಅತ್ತೆ ಸೊಸೆಗೆ ಮೊದಲೇ ಊಟದಲ್ಲಿ ಹೊಂದುತ್ತಿರಲಿಲ್ಲ. ಅವ್ವನಿಗೆ ಮುದ್ದೆಯಿಲ್ಲದೆ ಊಟವಲ್ಲ, ಅಜ್ಜಿಗೆ ಅಕ್ಕಿ ಕಡುಬಿಲ್ಲದೆ ಬೆಳಗಲ್ಲ. ಒಂದೇ ಒಲೆಯ ಮೇಲೆ ಇಬ್ಬರ ಪಾತ್ರೆಗಳೂ ಜಾಗಕ್ಕೆ ಗುದ್ದಾಡುತ್ತಿದ್ದವು. ಅದರ ಮೇಲೆ ಈ ಗೋಡೆ ಬೇರೆ.

'ಎಂತದು ಮಾರಾಯ್ತಿ ಇದು? ನೀಲಿ ಅಂಗಿಗೆ ಹಾಕದು, ಗೋಡೆಗಲ್ಲ. ಇದ್ರ ಎದ್ರು ಕೂತ್ರೆ ಅನ್ನನೂ ನೀಲಿ ಕಾಣ್ತದೆ.'

'ಮುದ್ದೆ ಉಣ್ಣಿ, ಕಪ್ಪುಗೈತೆ, ಕಾಣಾಕಿಲ್ಲ.'

ಅಪ್ಪ ಇಬ್ಬರ ನಡುವೆ ತಲೆ ತಗ್ಗಿಸಿ, ಒಂದು ಕಡುಬು ಒಂದು ಮುದ್ದೆ ಎರಡನ್ನೂ ತಿಂದು ಎದ್ದು ಹೋಗುತ್ತಿದ್ದ. ಬದುಕುವ ದಾರಿ ಬಲ್ಲವನು.

ಒಂದು ವರ್ಷ ರೈಟರು ಸುಣ್ಣದ ಕೆಲಸ ನೋಡಲು ಬಂದವರು ನಮ್ಮ ಬಾಗಿಲಲ್ಲಿ ಬಗ್ಗಿ ಒಳಗೆ ಇಣುಕಿದರು. ರೈಟರೆಂದರೆ ಲೈನಿನಲ್ಲಿ ಎಲ್ಲರೂ ಎದ್ದು ನಿಲ್ಲುವವರೇ. ಅವ್ವನೂ ಎದ್ದು ನಿಂತಳು, ಆದರೆ ಕೈಯಲ್ಲಿ ಮುದ್ದೆ ಕೋಲಿತ್ತು.

'ಏನಮ್ಮ ಇದು? ಯಾರನ್ನ ಕೇಳಿ ಬಣ್ಣ ಹಾಕಿದ್ದು?'

'ಹೊರಗಿನ ಗೋಡೆ ಎಸ್ಟೇಟಿಂದು ಸ್ವಾಮಿ. ನೀವು ಹೇಳ್ದಂಗೆ ಬೆಳ್ಳುಗೈತೆ. ಒಳಗಿನ ಗೋಡೆ ಮಖ ನೋಡ್ಕಂಡು ಅಡುಗೆ ಮಾಡಾಳು ನಾನು. ಅದು ನಂದು.'

'ಸಾವ್ಕಾರ್ರು ನೋಡಿದ್ರೆ ಏನ್ ಹೇಳ್ಲಿ?'

'ಸಾವ್ಕಾರ್ರು ನಮ್ ಒಲೆ ತಾವ ಯಾಕ್ ಬತ್ತಾರೆ? ಬಂದ್ರೆ ಬರ್ಲಿ. ಒಂದು ಮುದ್ದೆ ಇಕ್ತೀನಿ.'

ನಾಳೆ ನಮ್ಮನ್ನು ಲೈನಿನಿಂದ ಓಡಿಸುತ್ತಾರೆ ಎಂದೇ ಲೆಕ್ಕ ಹಾಕಿ ನನ್ನ ಸ್ಲೇಟನ್ನು ಚೀಲಕ್ಕೆ ತುಂಬಿಕೊಂಡಿದ್ದೆ. ರೈಟರು ಮುದ್ದೆ ಕೋಲು ನೋಡಿ, ಹಾಗೇ ಮುಂದಿನ ಮನೆಗೆ ಹೋದರು. ಆಗ ಮೂಲೆಯಿಂದ ಅಜ್ಜಿಯ ದನಿ ಬಂತು.

'ನಮ್ಮ ಗೋಡೆ ಕೇಳಕ್ಕೆ ಇವ ಯಾರು? ಸರಿಯಾಗಿ ಹೇಳ್ದೆ.' ಆಮೇಲೆ ಗೋಡೆಯ ಕಡೆ ತಿರುಗಿ, 'ಆದ್ರೂ ಈ ಸಲ ನೀಲಿ ಜಾಸ್ತಿಯಾಯ್ತು ನೋಡು.'

ಆ ದಿನದಿಂದ ನನಗೊಂದು ಹಟ ಅಂಟಿಕೊಂಡಿತು. ಎಲ್ಲರಿಗೂ ಒಂದೇ ಬಣ್ಣದ ಸಮವಸ್ತ್ರ ಇದ್ದ ಶಾಲೆಯಲ್ಲಿ ನಾನು ಲಂಗದ ಒಳಮಡಿಕೆಗೆ ಕೆಂಪು ದಾರ ಹಾಕಿಕೊಳ್ಳುತ್ತಿದ್ದೆ. ಯಾರಿಗೂ ಕಾಣದು, ನನಗೆ ಗೊತ್ತು, ಸಾಕು. ಇವತ್ತಿಗೂ ನಾನು ಹೊಲಿದ ರವಿಕೆಯ ಲೈನಿಂಗ್ ತಿರುಗಿಸಿ ನೋಡಿದರೆ ಎಲ್ಲೋ ಒಂದು ಕಡೆ ಬೇರೆ ಬಣ್ಣದ ಒಂದು ಹೊಲಿಗೆ ಸಿಕ್ಕೇ ಸಿಗುತ್ತದೆ. ಗಿರಾಕಿಗಳು ದಾರ ಮುಗಿದಿರಬೇಕು ಅಂದುಕೊಳ್ಳುತ್ತಾರೆ.

ಅವ್ವನಿಗೆ ತಪ್ಪಾಗಿ ಕಂಡ ಆ ಗೋಡೆ ನನಗೆ ಮಾತ್ರ ಪ್ರಾಣ. ಬೆಳಿಗ್ಗೆ ಅಜ್ಜಿ ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಹಬೆಯೆಲ್ಲ ಗೋಡೆಗೆ ಹೋಗಿ ತಾಗುತ್ತಿತ್ತು. ತಾಗಿದ ಕಡೆ ಬಣ್ಣ ಏಳುತ್ತಿತ್ತು. ಬಿಳುಚಿಕೊಂಡ ಗೋಡೆ ನೋಡನೋಡುತ್ತಿದ್ದಂತೆ ದಟ್ಟ ನೀಲಿಯಾಗಿ, ಹಬೆ ಆರಿದ ಹಾಗೆ ಅಂಚಿನಿಂದ ಮಾಸಿ, ಮೊದಲಿನಂತಾಗುವುದು. ನಾನು ಚಾಪೆಯ ಮೇಲೆ ಮಲಗಿಯೇ ಅದನ್ನು ನೋಡುತ್ತಿದ್ದೆ. ಬೇಸಗೆಯಲ್ಲಿ ಆ ಬಣ್ಣ ಬೇಕೆನಿಸಿದರೆ ಅದಕ್ಕೂ ದಾರಿ ಕಂಡುಕೊಂಡಿದ್ದೆ. ಉಂಡು ಕೈ ತೊಳೆದು, ಒರೆಸಿಕೊಳ್ಳದೆ ಬಂದು ಅಂಗೈಯನ್ನು ಗೋಡೆಗೆ ಒತ್ತುವುದು. ತೆಗೆದರೆ ಅಲ್ಲಿ ನನ್ನ ಕೈಯಷ್ಟೇ ದೊಡ್ಡ ಕಡುನೀಲಿ. ಅವ್ವನಿಗೆ ಬೆನ್ನಲ್ಲೂ ಕಣ್ಣು.

'ಗೋಡೆ ಒದ್ದೆ ಮಾಡ್ಬ್ಯಾಡ ಕಣೇ, ಬಣ್ಣ ಕೆಡ್ತೈತೆ.'

'ಇಲ್ಲವ್ವಾ' ಎಂದು, ಸುಣ್ಣ ಹತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓಡುತ್ತಿದ್ದೆ. ಕಾಲ ಸರಿದು ಅಜ್ಜಿ ಹೋದಳು, ಅಪ್ಪ ಹೋದ. ನಾನು ಮದುವೆಯಾಗಿ ಬಾಡಿಗೆ ಮನೆಗಳಲ್ಲಿ ವರ್ಷಗಟ್ಟಲೆ ಕಳೆದೆ, ಅವ್ವನನ್ನೂ ಕರೆದು ತಂದುಕೊಂಡೆ. ಯಾವ ಮನೆಯ ಗೋಡೆಯನ್ನೂ ಮುಟ್ಟಿ ನೋಡಬೇಕು ಅನ್ನಿಸಲಿಲ್ಲ.

ಕಾರ್ಡಿನಲ್ಲಿ ಬಣ್ಣ ಸಿಗದೆ ಹೋದಾಗ, ಹಳೆಯ ಗೋಡೆಯ ಒಂದು ಚಕ್ಕೆ ತಂದರೆ ಅಂಗಡಿಯ ಯಂತ್ರದಲ್ಲಿ ಇಟ್ಟು ಅದೇ ಬಣ್ಣ ಮಾಡಿಸಿಕೊಡುತ್ತೇನೆ ಎಂದ ಮಂಜ. ಯಜಮಾನರ ಜೀಪಿನಲ್ಲಿ ಜಾವಳಿಗೆ ಹೋದೆ. ಎಸ್ಟೇಟು ಕೈ ಬದಲಾಗಿದೆ. ಲೈನು ಹಾಗೇ ಇದೆ, ಆದರೆ ಅದು ಈಗ ಹೋಂಸ್ಟೇ. ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಹೊರಗೆ ಅದೇ ಬಿಳಿ, ಅದೇ ಕೆಮ್ಮಣ್ಣಿನ ಬಣ್ಣದ ಪಟ್ಟೆ. ಹಳೇ ಕಾಲದ ಥರ ಇದ್ದರೆ ಗೆಸ್ಟುಗಳಿಗೆ ಇಷ್ಟ ಎಂದು ಅಲ್ಲಿ ನೋಡಿಕೊಳ್ಳುವ ಹುಡುಗಿ ಹೇಳಿದಳು. ನಮ್ಮ ಮನೆಯ ಬಾಗಿಲು ತೆಗೆಸಿ ಒಳಗೆ ಹೋದೆ. ಒಲೆ ಇದ್ದ ಜಾಗದಲ್ಲಿ ಕಮೋಡು. ಹಿಂದಿನ ಗೋಡೆಗೆ ಮಾಡಿನವರೆಗೂ ಹೊಳೆಯುವ ಟೈಲ್ಸು.

'ಇಲ್ಲಿ ಮೊದ್ಲು ಎಂತ ಇತ್ತು ಆಂಟಿ?' ಎಂದಳು ಆ ಹುಡುಗಿ.

'ನಮ್ಮನೆ ಇತ್ತು' ಎಂದೆ. ಜೀಪಿನಲ್ಲಿ ಕೂತ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಯಜಮಾನರು ಗಾಡಿಯನ್ನು ಮೂಡಿಗೆರೆ ಕಡೆಗೆ ತಿರುಗಿಸಿದರು.

ಮನೆಗೆ ಬಂದು ಅವ್ವನಿಗೆ ಟೈಲ್ಸಿನ ವಿಷಯ ಹೇಳಿದರೆ ಅವಳು ಎಲೆಗೆ ಸುಣ್ಣ ಸವರುತ್ತಾ, 'ಹೋಗ್ಲಿ ಬಿಡು, ಅದೂ ಸರಿಯಾಗಿರ್ಲಿಲ್ಲ' ಅಂದುಬಿಟ್ಟಳು. ನನಗೆ ರೇಗಿತು. ಅದು ಸರಿಯಾಗಿರಲಿಲ್ಲವೆಂದರೆ ಏನರ್ಥ? ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಸುಳ್ಳೇ? ಆ ಸಿಟ್ಟಿನಲ್ಲೇ ಮರುದಿನ ಅಂಗಡಿ ಮುಚ್ಚಿ, ಸುಣ್ಣ, ನೀಲಿ, ಗೋಂದು ಕೊಂಡು ತಂದೆ. ಅಡುಗೆಕೋಣೆಗೆ ಪುಟ್ಟಿ ಹಚ್ಚಲು ಶುರುಮಾಡುತ್ತಿದ್ದ ಮಂಜನನ್ನು ತಡೆದು, ಒಲೆ ಬರುವ ಕಡೆಯ ಗೋಡೆಯೊಂದನ್ನು ಮಾತ್ರ ಹಾಗೇ ಬಿಡಿಸಿದೆ. ನಯವಾದ ಪುಟ್ಟಿಯ ಮೇಲೆ ಸುಣ್ಣ ನಿಲ್ಲುವುದಿಲ್ಲ, ಅದಕ್ಕೆ ಒರಟು ಗಾರೆಯೇ ಬೇಕು.

'ಅಕ್ಕ, ಹೊಸ ಮನೆಗೆ ಯಾರಾದ್ರೂ ಸುಣ್ಣ ಬಳೀತಾರಾ? ಕೈಗೆಲ್ಲ ಹತ್ತುತ್ತೆ. ನೀರು ಬಿದ್ರೆ ಬಣ್ಣ ಬದ್ಲಾಗುತ್ತೆ. ನಾನ್ ಹೊಡಿಯೋ ಪೇಂಟು ಹತ್ತು ವರ್ಷ ಆದ್ರೂ ಅಲ್ಲಾಡಲ್ಲ.'

'ಅದಕ್ಕೇ ಅದು ಬೇಡ' ಎಂದೆ.

ಡ್ರಮ್ಮಿನಲ್ಲಿ ಸುಣ್ಣ ಕುದಿಯುವ ಸದ್ದು ಕೇಳಿ ಅವ್ವ ಕುರ್ಚಿಯಿಂದ ಎದ್ದು ಬಂದಳು. ಮೊದಲು ಬೈದಳು. ಆಮೇಲೆ ನನ್ನ ಕೈಯಿಂದ ಕೋಲು ಕಿತ್ತುಕೊಂಡಳು. ಉಪ್ಪು ಸಾಲದು ಅಂದಳು, ಗೋಂದು ಗಂಟುಕಟ್ಟಿದೆ ಅಂದಳು, ಹೊಲಿಗೆಯವಳಿಗೆ ಇದೆಲ್ಲ ಏನು ಗೊತ್ತು ಅಂದಳು. ನೀಲಿ ಬೆರೆಸಿ, ಕುಂಚ ಅದ್ದಿಕೊಂಡು, ಸುತ್ತ ಕಲ್ಲು ಹುಡುಕಿದಳು. ಕಲ್ಲಿರಲಿಲ್ಲ. ಸಿಂಧು ಅವಳ ರಟ್ಟೆ ಹಿಡಿದು ಮೆಲ್ಲಗೆ ತಾರಸಿಗೆ ಹತ್ತಿಸಿದಳು. ಫೆಬ್ರವರಿಯ ನಡುಹಗಲು, ಸುತ್ತ ಒಂದು ಮರದ ನೆರಳೂ ಇಲ್ಲದ ಸೈಟು, ಕಾಲಿಡಲಾಗದಂತೆ ಕಾದ ಕಾಂಕ್ರೀಟು. ಅವ್ವ ಒಂದು ತೊಟ್ಟು ಬಿಟ್ಟಳು. ಅದು ನಮ್ಮ ಕಣ್ಣೆದುರೇ ಒಣಗಿತು.

'ಹಾ! ಹಿಂಗೆ. ಹಿಂಗೆ ಒಣಗ್ಬೇಕು' ಅಂದಳು. ಬಗ್ಗಿ, ಆ ಚುಕ್ಕೆಯನ್ನು ತೋರುಬೆರಳಿನಿಂದ ಮುಟ್ಟಿ, ಇನ್ನೊಂದು ಚೂರು ನೀಲಿ ಬೇಕೆಂದಳು. ಕೆಳಗೆ ಬಂದು ಕೆಳಗಿನ ಅರ್ಧ ಗೋಡೆ ಅವಳೇ ಬಳಿದಳು. ಮೇಲಿನದು ನಾನು. ಮಂಜ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡ.

ಎರಡು ದಿನಕ್ಕೆ ಗೋಡೆ ಪೂರ್ತಿ ಒಣಗಿತು. ಅವ್ವನನ್ನು ಕರೆದು ತಂದು ಅದರ ಮುಂದೆ ಕುರ್ಚಿ ಹಾಕಿ ಕೂರಿಸಿ, ಕೈಗೆ ಕಾಫಿ ಕೊಟ್ಟೆ. ಅವಳು ಕಾಫಿ ಕುಡಿಯಲಿಲ್ಲ. ಲೋಟವನ್ನು ನೆಲಕ್ಕಿಟ್ಟು ಎದ್ದು, ಸೊಂಟದ ಮೇಲೆ ಕೈಯಿಟ್ಟು, ಹಿಂದೆ ಹಿಂದೆ ಸರಿದಳು. ಈಗ ಹೇಳುತ್ತಾಳೆ 'ಇದಲ್ಲ' ಎಂದು ನಾನು ಕಾಯುತ್ತಿದ್ದೆ.

'ಇದೇ ಕಣೇ' ಅಂದಳು. 'ನಮ್ಮವ್ವನ ಗೋಡೆ. ಇದೇ.'

ಸೆರಗನ್ನು ಬಾಯಿಗೆ ಒತ್ತಿಕೊಂಡು ಸಣ್ಣ ಹುಡುಗಿಯ ಹಾಗೆ ಅತ್ತಳು. ಗೋಡೆಗೆ ಕೆನ್ನೆ ಆನಿಸಿದಳು, ಕೆನ್ನೆಯೆಲ್ಲ ಸುಣ್ಣ. ನನಗೆ ಸಂತೋಷವಾಗಲಿಲ್ಲ ಎಂದರೆ ನಾಲಿಗೆ ಬಿದ್ದು ಹೋದೀತು. ಲೈನಿನಲ್ಲಿ ವರ್ಷವರ್ಷವೂ ಹುಡುಕಿ ಸಿಗದ್ದು ಅವಳಿಗೆ ಸಿಕ್ಕಿತು, ನನ್ನ ಮನೆಯಲ್ಲಿ ಸಿಕ್ಕಿತು. ಆದರೆ ಆಮೇಲೆ ನಾನೂ ಗೋಡೆಯನ್ನು ಸರಿಯಾಗಿ ನೋಡಿದೆ. ಅದು ತಿಳಿಯಾದ, ಹಗುರವಾದ, ಬಯಲಿನ ಬಿಸಿಲಿನ ನೀಲಿ. ನಾನು ಚಾಪೆಯ ಮೇಲೆ ಮಲಗಿ ನೋಡಿದ್ದು ಅದಲ್ಲ. ಅವ್ವನ ಮುಖ ನೋಡಿ ಆ ಮಾತನ್ನು ನುಂಗಿಕೊಂಡೆ. ಅವಳು ಎಷ್ಟು ವರ್ಷ ಏನನ್ನು ನುಂಗಿಕೊಂಡು ಆ ಲೈನಿನ ಒಲೆಯ ಮುಂದೆ ಕೂತಿದ್ದಳು ಎಂದು ಅವತ್ತು ಅರ್ಥವಾಯಿತು.

ಗೃಹಪ್ರವೇಶ ಆಯಿತು. ಈಗ ನಮ್ಮದು ಗ್ಯಾಸಿನ ಒಲೆ, ಮೇಲೊಂದು ಚಿಮಣಿ. ಕಡುಬು ಬೇಯಿಸಿದರೆ ಹಬೆಯನ್ನೆಲ್ಲ ಅದು ಎಳೆದು ಹೊರಗೆ ಹಾಕುತ್ತದೆ, ಗೋಡೆಗೆ ಒಂದು ಹನಿಯೂ ತಾಗುವುದಿಲ್ಲ. ಯಜಮಾನರು ಬಂದವರಿಗೆಲ್ಲ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಅವ್ವ ದಿನಾ ಮಧ್ಯಾಹ್ನ ಆ ಗೋಡೆಗೆ ಎದುರಾಗಿ ಕೂತು ಅವರೆಕಾಳು ಸುಲಿಯುವುದೋ, ಅಕ್ಕಿ ಆರಿಸುವುದೋ ಮಾಡುತ್ತಾಳೆ. ಮೊನ್ನೆ ಅವಳು ಮೊರದೊಳಗೆ ಮುಖ ಹುದುಗಿಸಿಕೊಂಡಿದ್ದಳು. ನಾನು ಉಂಡು ಕೈ ತೊಳೆದವಳು ಟವೆಲಿಗೆ ಹೋಗದೆ ನೆಟ್ಟಗೆ ಗೋಡೆಯ ಹತ್ತಿರ ಹೋದೆ. ಅಂಗೈ ಒತ್ತಿ, ತೆಗೆದೆ. ಅಲ್ಲಿತ್ತು. ಕಡುಬಿನ ಹಬೆ, ಅಜ್ಜಿಯ ಗೊಣಗಾಟ, ಬಾಗಿಲ ಹಿಂದೆ ಅಪ್ಪನ ಕತ್ತಿ, ಎಲ್ಲವೂ ಅಲ್ಲಿತ್ತು. ನನ್ನ ಕೈ ಮಾತ್ರ ದೊಡ್ಡದಾಗಿತ್ತು. ನೋಡುತ್ತಿದ್ದ ಹಾಗೆ ಬೆರಳುಗಳ ತುದಿಯಿಂದ ಬಣ್ಣ ಮಾಸತೊಡಗಿತು.

'ಗೋಡೆ ಒದ್ದೆ ಮಾಡ್ಬ್ಯಾಡ ಕಣೇ, ಬಣ್ಣ ಕೆಡ್ತೈತೆ.'

ಅವ್ವ ಮೊರದಿಂದ ತಲೆಯನ್ನೂ ಎತ್ತಿರಲಿಲ್ಲ.

'ಇಲ್ಲವ್ವಾ' ಎಂದು, ಮತ್ತೆ ಹೋಗಿ ಕೈ ಒದ್ದೆ ಮಾಡಿಕೊಂಡು ಬಂದೆ.